ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ಊರಿನವರಿಗಾಗಿ ಪ್ರದರ್ಶನ: ಅದರ ಹಿಂದಿನ ಕೆಲಸ ಎಂಥದ್ದು?

ದಾವಣಗೆರೆಯ ದೊಡ್ಡ ಆಸ್ಪತ್ರೆಗಳಿಗೆ ಬರುವವರು ಬರೀ ಊರಿನವರಲ್ಲ. ಜಗಳೂರು, ಹರಪನಹಳ್ಳಿ, ಚನ್ನಗಿರಿ, ಹೊಳಲ್ಕೆರೆ, ರಾಣೆಬೆನ್ನೂರು ಕಡೆಯಿಂದ ಬೆಳಗಿನ ಬಸ್ಸಿಗೇ ಜನ ಬಂದಿಳಿಯುತ್ತಾರೆ. ರೋಗಿ ಒಬ್ಬರಾದರೆ ಜೊತೆಗೆ ಬಂದವರು ಇಬ್ಬರು ಮೂವರು. ಚೀಟಿ ಮಾಡಿಸಿ, ರಕ್ತ ಕೊಟ್ಟ ಮೇಲೆ ರಿಪೋರ್ಟ್ ಬರುವ ತನಕ ಕೂತಿರಬೇಕು. ಅವರು ಕೂತ ಜಾಗದಿಂದ ಕೂಗಳತೆಯಲ್ಲೇ ಎಷ್ಟೋ ಕಡೆ ಮೆಡಿಕಲ್ ಕಾಲೇಜಿನ ಲೈಬ್ರರಿ ಇರುತ್ತದೆ. ಅವರ ಕಾಯಿಲೆ ಬಗ್ಗೆಯೇ ಅಲ್ಲಿ ಸಾವಿರಾರು ಪುಟ ಇರುತ್ತವೆ. ಆದರೆ ಒಳಗೆ ಹೋಗಲು ಕಾಲೇಜಿನ ಐಡಿ ಕಾರ್ಡ್ ಬೇಕು. ಹೋದರೂ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ, ಅದೂ ಡಾಕ್ಟರುಗಳ ಇಂಗ್ಲಿಷಿನಲ್ಲಿ.

1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಶುರುವಾದಲ್ಲಿಂದ ದಾವಣಗೆರೆ ವೈದ್ಯ ಶಿಕ್ಷಣದ ಊರಾಗಿ ಬೆಳೆದಿದೆ. ಈಗ ಇನ್ನೊಂದು ಮೆಡಿಕಲ್ ಕಾಲೇಜಿದೆ, ಎರಡು ಡೆಂಟಲ್ ಕಾಲೇಜುಗಳಿವೆ. ಇಷ್ಟೆಲ್ಲ ಇರುವ ಊರಿನಲ್ಲಿ ಒಂದು ಮಾತು ಕೇಳಬೇಕು ಅನ್ನಿಸುತ್ತದೆ. ವೈದ್ಯ ವಿಶ್ವವಿದ್ಯಾಲಯಗಳ ಲೈಬ್ರರಿಗಳು ಹೊರದೇಶಗಳಲ್ಲಿ ಸಾರ್ವಜನಿಕರಿಗಾಗಿ ಪ್ರದರ್ಶನ ಇಡುತ್ತವಲ್ಲ, ಅದು ಏನು? ಹೇಗೆ ಮಾಡುತ್ತಾರೆ? ನಮ್ಮಲ್ಲಿ ಮಾಡಬೇಕೆಂದರೆ ಏನೇನು ಬೇಕು?

ಮೊದಲಿಗೆ ಒಂದು ಗೊಂದಲ ಬಿಡಿಸೋಣ. ಮೆಡಿಕಲ್ ಎಕ್ಸಿಬಿಷನ್ ಅಂದ ಕೂಡಲೇ ನಮಗೆ ನೆನಪಾಗುವುದು ಫಾರ್ಮಲಿನ್ ಬಾಟಲಿಗಳು. ಅದರೊಳಗೆ ಹೃದಯ, ಮೂತ್ರಪಿಂಡ, ಸಿಗರೇಟಿನಿಂದ ಕಪ್ಪಾದ ಶ್ವಾಸಕೋಶ. ಶಾಲೆ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಒಬ್ಬಿಬ್ಬರು ತಲೆ ತಿರುಗಿ ಬೀಳುವುದೂ ಉಂಟು. ಅದು ಅನಾಟಮಿ ಅಥವಾ ಪೆಥಾಲಜಿ ವಿಭಾಗದ ಮ್ಯೂಸಿಯಂ. ಅಲ್ಲಿ ನೋಡುವುದು ದೇಹವನ್ನು. ಲೈಬ್ರರಿಯವರು ಇಡುವ ಪ್ರದರ್ಶನದಲ್ಲಿ ಇರುವುದು ಕಾಗದ: ಹಳೆ ಪುಸ್ತಕ, ಪತ್ರಿಕೆಯ ಪುಟ, ನಕ್ಷೆ, ಪತ್ರ, ಆರೋಗ್ಯ ಇಲಾಖೆಯ ಪೋಸ್ಟರ್, ಫೋಟೋ, ಒಂದೆರಡು ಉಪಕರಣ. ಒಂದು ಕಾಯಿಲೆ ಬಗ್ಗೆ ಯಾರಿಗೆ ಯಾವಾಗ ಏನು ಗೊತ್ತಾಯಿತು, ಅದಕ್ಕೂ ಮುಂಚೆ ಏನಂದುಕೊಂಡಿದ್ದರು, ಗೊತ್ತಾದ ಮೇಲೆ ಏನು ಮಾಡಿದರು ಅನ್ನುವುದನ್ನು ಈ ಕಾಗದಗಳು ಹೇಳುತ್ತವೆ.

ಅಮೆರಿಕದ ಬೆಥೆಸ್ಡಾದಲ್ಲಿ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಇದೆ. 1836ರಲ್ಲಿ ಸೈನ್ಯದ ಮುಖ್ಯ ವೈದ್ಯರ ಕಚೇರಿಯಲ್ಲಿ ಒಂದಿಷ್ಟು ಪುಸ್ತಕಗಳಿಂದ ಶುರುವಾದದ್ದು, ಈಗ ಜಗತ್ತಿನ ಅತಿ ದೊಡ್ಡ ವೈದ್ಯಕೀಯ ಲೈಬ್ರರಿ. ತನ್ನ ಪ್ರದರ್ಶನಗಳನ್ನು ಅದು ಬ್ಯಾನರ್ ರೂಪಕ್ಕೆ ಇಳಿಸಿ ಊರೂರಿಗೆ ಕಳಿಸುತ್ತಿತ್ತು. ಹೆಚ್ಚಾಗಿ ಆರೇ ಬ್ಯಾನರ್. ಸುತ್ತಿ ಪೆಟ್ಟಿಗೆಯಲ್ಲಿಟ್ಟರೆ ಮುಗೀತು. ಬಾಡಿಗೆ ಇಲ್ಲ, ಸಾಗಣೆ ಖರ್ಚು ಮಾತ್ರ ತರಿಸಿಕೊಂಡವರದು. ಅಲ್ಲಿನ ಮಹಿಳಾ ವೈದ್ಯರ ಕಥೆ ಹೇಳುವ ಒಂದು ಪ್ರದರ್ಶನ 2003ರಲ್ಲಿ ಶುರುವಾಗಿ, ಆಮೇಲೆ ಎಷ್ಟೋ ಊರಿನ ಲೈಬ್ರರಿಗಳನ್ನು ಸುತ್ತಿತು. ಲಂಡನ್‌ನ ಯೂಸ್ಟನ್ ರಸ್ತೆಯಲ್ಲಿರುವ ವೆಲ್‌ಕಮ್ ಕಲೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಒಂದೇ ಕಟ್ಟಡದಲ್ಲಿ ವೈದ್ಯಕೀಯ ಇತಿಹಾಸದ ಲೈಬ್ರರಿಯೂ ಇದೆ, ಗ್ಯಾಲರಿಯೂ ಇದೆ. 2007ರಿಂದ ಯಾರು ಬೇಕಾದರೂ ಟಿಕೆಟ್ ಇಲ್ಲದೆ ಹೋಗಿ ನೋಡಬಹುದು.

ಇದಕ್ಕೆಲ್ಲ ಬರೀ ಸಮಾಜ ಸೇವೆಯೇ ಕಾರಣ ಅಂದುಕೊಳ್ಳಬೇಡಿ. ವೈದ್ಯಕೀಯ ಪತ್ರಿಕೆಗಳು ಕಂಪ್ಯೂಟರಿಗೆ ಹೋದ ಮೇಲೆ ಲೈಬ್ರರಿಗಳಲ್ಲಿ ಜಾಗ ಖಾಲಿಯಾಗತೊಡಗಿತು. ವರ್ಷವರ್ಷದ ಸಂಚಿಕೆ ಬೈಂಡ್ ಮಾಡಿ ಜೋಡಿಸಿಟ್ಟ ಕಪಾಟುಗಳನ್ನು ಕೇಳುವವರಿಲ್ಲ. ನಮ್ಮಲ್ಲೂ ಹಾಗೇ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹೆಲಿನೆಟ್ ಅನ್ನುವ ಡಿಜಿಟಲ್ ಲೈಬ್ರರಿ ಜಾಲದ ಮೂಲಕ ಅದರ ಕಾಲೇಜುಗಳ ವಿದ್ಯಾರ್ಥಿಗಳು ಪತ್ರಿಕೆಗಳನ್ನು ಪರದೆ ಮೇಲೇ ಓದುತ್ತಾರೆ. ಓದುವುದೆಲ್ಲ ಮೊಬೈಲಿನಲ್ಲಿ ಸಿಗುವುದಾದರೆ ಲೈಬ್ರರಿ ಯಾಕೆ ಬೇಕು ಅಂತ ಆಡಳಿತದವರು ಕೇಳುತ್ತಾರೆ. ಆ ಪ್ರಶ್ನೆಗೆ ಲೈಬ್ರರಿಯವರು ಕೊಟ್ಟ ಉತ್ತರಗಳಲ್ಲಿ ಪ್ರದರ್ಶನವೂ ಒಂದು.

ಪ್ರಶ್ನೆ ಮೊದಲು, ವಸ್ತು ಆಮೇಲೆ

ಪ್ರದರ್ಶನ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಕಪಾಟು ತೆಗೆದು ನೋಡುತ್ತಾರೆ. ಯಾವುದು ಹಳೆಯದಿದೆ, ಯಾವುದು ಚೆನ್ನಾಗಿ ಕಾಣುತ್ತದೆ ಅಂತ ಆರಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಪಕ್ಕದಲ್ಲಿ ಪುಸ್ತಕದ ಹೆಸರು, ಲೇಖಕರ ಹೆಸರು, ವರ್ಷ. ಬಂದವರು ಒಂದು ಸುತ್ತು ಹಾಕಿ 'ಓ, ಹಳೆ ಪುಸ್ತಕ' ಅಂದುಕೊಂಡು ಹೋಗುತ್ತಾರೆ. ನನ್ನ ಪ್ರಕಾರ ಅದು ದಾಸ್ತಾನು ತೋರಿಸಿದ ಹಾಗಾಯಿತು, ಅಷ್ಟೇ. ಪಳಗಿದವರು ಮೊದಲು ಒಂದು ಪ್ರಶ್ನೆ ಇಟ್ಟುಕೊಳ್ಳುತ್ತಾರೆ. ಇಡೀ ಪ್ರದರ್ಶನ ಆ ಒಂದೇ ಪ್ರಶ್ನೆಗೆ ಉತ್ತರ ಕೊಡಬೇಕು. ಅದಕ್ಕೆ ಬೇಡದ ವಸ್ತು ಎಷ್ಟೇ ಅಪರೂಪದ್ದಾಗಿರಲಿ, ಹೊರಗೇ ಉಳಿಯಬೇಕು.

ದಾವಣಗೆರೆಗೆ ಒಂದು ಪ್ರಶ್ನೆ ಆರಿಸೋಣ. ಜಗಳೂರಿನ ಹಳ್ಳಿಗಳಲ್ಲಿ ಎಷ್ಟೋ ಜನರ ಹಲ್ಲಿನ ಮೇಲೆ ಕಂದು ಕಲೆ ಯಾಕಿರುತ್ತದೆ? ತಿಕ್ಕಿದರೂ ಹೋಗುವುದಿಲ್ಲ. ಕೆಲವರಿಗೆ ವಯಸ್ಸಾಗುವ ಮುಂಚೆಯೇ ಬೆನ್ನು, ಮಂಡಿ ಬಿಗಿಯುತ್ತದೆ. ಇದಕ್ಕೆ ಕುಡಿಯುವ ನೀರಿನಲ್ಲಿರುವ ಫ್ಲೋರೈಡ್ ಕಾರಣ ಅಂತ ಡಾಕ್ಟರುಗಳಿಗೆ ಗೊತ್ತು, ಊರಿನವರೂ ಕೇಳಿರುತ್ತಾರೆ. ಆದರೆ ಆ ಫ್ಲೋರೈಡ್ ನೀರಿಗೆ ಬಂದದ್ದು ಎಲ್ಲಿಂದ? ಅಜ್ಜನ ಕಾಲದಲ್ಲಿ ಇರಲಿಲ್ಲವಾ? ಇಲ್ಲಿಂದ ಪ್ರದರ್ಶನ ಶುರುವಾಗುತ್ತದೆ.

ಮೊದಲ ಬೋರ್ಡಿನಲ್ಲಿ ಒಂದು ಕಲ್ಲು ಇಡಬಹುದು. ನಮ್ಮ ಕಡೆ ನೆಲದಡಿ ಇರುವುದು ಗ್ರಾನೈಟ್ ಜಾತಿಯ ಗಟ್ಟಿ ಬಂಡೆ. ಅದರ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಮಳೆ ಕಡಿಮೆ. ಇಳಿದ ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಿರುತ್ತದೆ. ನಿಂತಷ್ಟೂ ಕಲ್ಲಿನಿಂದ ಫ್ಲೋರೈಡ್ ಕರಗಿ ನೀರಿಗೆ ಸೇರುತ್ತದೆ. ಆ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನೂ ಜಾಸ್ತಿ ಕರಗುತ್ತದೆ. ಕೆರೆ ನೀರಿಗೆ ಈ ತೊಂದರೆ ಅಷ್ಟಿಲ್ಲ. ಮಳೆ ನೀರು ಬಂಡೆಯೊಳಗೆ ಇಳಿಯದೆ ಮೇಲೇ ಹರಿದು ಬಂದು ನಿಂತದ್ದು ಅದು.

ಎರಡನೇ ಬೋರ್ಡಿನಲ್ಲಿ ಒಂದು ಕೈಪಂಪಿನ ಫೋಟೋ. ಇಡೀ ಪ್ರದರ್ಶನದ ಎದೆ ಇರುವುದು ಇಲ್ಲೇ. ಕೆರೆ ಮತ್ತು ಮೆಟ್ಟಿಲು ಬಾವಿ ನೀರು ಕುಡಿಯುತ್ತಿದ್ದ ಕಾಲದಲ್ಲಿ ಜನರನ್ನು ಕಾಡಿದ್ದು ವಾಂತಿಭೇದಿ ಮತ್ತು ನಾರು ಹುಣ್ಣು. ನಾರು ಹುಣ್ಣಿನ ಹುಳುವಿನ ಮರಿಗಳು ಬಾವಿ ನೀರಿನ ಸಣ್ಣ ಜೀವಿಗಳ ಮೂಲಕ ಹೊಟ್ಟೆಗೆ ಹೋಗುತ್ತಿದ್ದವು. ಸುಮಾರು ವರ್ಷದ ಮೇಲೆ ಕಾಲಿನ ಚರ್ಮ ಸೀಳಿಕೊಂಡು ದಾರದಂಥ ಹುಳು ಹೊರಬರುತ್ತಿತ್ತು. ನೀರಿನಲ್ಲಿ ಕಾಲಿಟ್ಟ ಕೂಡಲೇ ಅದು ಮತ್ತೆ ಮರಿ ಬಿಡುತ್ತಿತ್ತು. ಕರ್ನಾಟಕವೂ ಈ ರೋಗ ಕಾಡಿದ ರಾಜ್ಯಗಳಲ್ಲಿ ಒಂದು. ಅದನ್ನು ತಪ್ಪಿಸಲು ಸರ್ಕಾರ ಹೇಳಿದ್ದು ಬಾವಿಗೆ ಇಳಿಯಬೇಡಿ, ಬೋರಿನ ನೀರು ಕುಡಿಯಿರಿ ಅಂತ. 1970ರ ದಶಕದ ನಂತರ ಹಳ್ಳಿ ಹಳ್ಳಿಗೂ ಕೈಪಂಪು ಬಂತು. ನಾರು ಹುಣ್ಣು ಹೋಯಿತು. 2000ದಲ್ಲಿ ಭಾರತ ಅದರಿಂದ ಮುಕ್ತವಾಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಆದರೆ ಕ್ರಿಮಿ ಇಲ್ಲದ ಆ ಆಳದ ನೀರಿನಲ್ಲಿ ಕೆಲವು ಕಡೆ ಫ್ಲೋರೈಡ್ ಇತ್ತು. ಒಂದು ರೋಗದಿಂದ ಬಿಡಿಸಿದ ಬೋರು ಇನ್ನೊಂದಕ್ಕೆ ದಾರಿ ಮಾಡಿತು. ಇಲ್ಲಿ ಯಾರನ್ನೂ ಕಳ್ಳರನ್ನಾಗಿ ಮಾಡಬೇಕಾಗಿಲ್ಲ. ಆಗ ಗೊತ್ತಿದ್ದಷ್ಟರಲ್ಲಿ ಅದು ಸರಿಯಾದ ಕೆಲಸವೇ. ಹೀಗೆ ಎರಡು ಕಾಯಿಲೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವುದು ಮೈಕಿನ ಭಾಷಣಕ್ಕಾಗಲಿ ಕರಪತ್ರಕ್ಕಾಗಲಿ ಸುಲಭವಲ್ಲ. ಗೋಡೆ ಮೇಲಿನ ಎರಡು ಚಿತ್ರಕ್ಕೆ ಸುಲಭ.

ಮೂರನೇ ಬೋರ್ಡಿಗೆ ಲೈಬ್ರರಿಯ ಕಾಗದ ಬೇಕಾಗುತ್ತದೆ. 1901ರಲ್ಲಿ ಫ್ರೆಡರಿಕ್ ಮೆಕ್‌ಕೇ ಅನ್ನುವ ದಂತವೈದ್ಯ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಊರಿಗೆ ಬಂದ. ಅಲ್ಲಿ ಹುಟ್ಟಿ ಬೆಳೆದವರ ಹಲ್ಲಿನ ಮೇಲೆ ಕಂದು ಕಲೆ ಕಂಡ. ಯಾಕೆ ಅಂತ ಹುಡುಕುತ್ತಾ ಮೂವತ್ತು ವರ್ಷ ಹೋಯಿತು. ಕೊನೆಗೆ 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನ ತಜ್ಞ ಚರ್ಚಿಲ್ ನೀರಿನಲ್ಲಿ ಫ್ಲೋರೈಡ್ ಪತ್ತೆ ಮಾಡಿದ. ಅದಾಗಿ ಆರೇ ವರ್ಷಕ್ಕೆ, 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಇದೇ ಕಾಯಿಲೆ ಮೂಳೆಗೂ ಹಬ್ಬಿರುವುದನ್ನು ಶಾರ್ಟ್ ಮತ್ತು ಅವರ ಜೊತೆಯವರು ಇಂಡಿಯನ್ ಮೆಡಿಕಲ್ ಗೆಜೆಟ್ ಪತ್ರಿಕೆಯಲ್ಲಿ ಬರೆದರು. ಆ ಗೆಜೆಟ್ಟಿನ ಹಳೆ ಸಂಚಿಕೆಗಳನ್ನು ಇವತ್ತು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ದುಡ್ಡಿಲ್ಲದೆ ಓದಬಹುದು. ಅವುಗಳನ್ನು ಇಟ್ಟಿರುವುದು ಮೇಲೆ ಹೇಳಿದ ಅದೇ ಬೆಥೆಸ್ಡಾದ ಲೈಬ್ರರಿಯ ಡಿಜಿಟಲ್ ಸಂಗ್ರಹದಲ್ಲಿ. ದಾವಣಗೆರೆಯ ಲೈಬ್ರರಿಯನ್ ಒಬ್ಬರು ಮನಸ್ಸು ಮಾಡಿದರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಅದನ್ನು ತೆಗೆಯಬಹುದು.

ಇಲ್ಲೇ ಒಂದು ತಿರುವೂ ಇದೆ. ಕಲೆ ಇದ್ದ ಹಲ್ಲು ಬೇಗ ಹುಳುಕಾಗುವುದಿಲ್ಲ ಅಂತ ಮೆಕ್‌ಕೇ ಗಮನಿಸಿದ್ದ. ಅದೇ ಜಾಡು ಹಿಡಿದು 1945ರಲ್ಲಿ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ಕುಡಿಯುವ ನೀರಿಗೆ ಬೇಕಂತಲೇ ಸ್ವಲ್ಪ ಫ್ಲೋರೈಡ್ ಹಾಕಲು ಶುರು ಮಾಡಿತು. ಅಲ್ಲಿ ಈಗ ಶಿಫಾರಸು ಮಾಡಿರುವುದು ಲೀಟರಿಗೆ 0.7 ಮಿಲಿಗ್ರಾಂ. ಭಾರತದ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ 1 ಮಿಲಿಗ್ರಾಂ ತನಕ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ. ಅಮೆರಿಕದಲ್ಲಿ ನೀರಿಗೆ ಹಾಕುವುದನ್ನೇ ನಾವು ಜಗಳೂರಿನಲ್ಲಿ ನೀರಿನಿಂದ ತೆಗೆಯಬೇಕು. ಎಲ್ಲ ಪ್ರಮಾಣದ ಮಾತು. ಜೊತೆಗೆ ನಮ್ಮ ಬಿಸಿಲು. ಏಪ್ರಿಲ್ ತಿಂಗಳಲ್ಲಿ ಹೊಲದಲ್ಲಿ ದುಡಿಯುವವರು ತಂಪು ದೇಶದವರಿಗಿಂತ ಎಷ್ಟೋ ಜಾಸ್ತಿ ನೀರು ಕುಡಿಯುತ್ತಾರೆ. ನೀರಿನಲ್ಲಿ ಅಷ್ಟೇ ಫ್ಲೋರೈಡ್ ಇದ್ದರೂ ಮೈಗೆ ಹೋಗುವುದು ಜಾಸ್ತಿ.

ಕೊನೆಯ ಬೋರ್ಡು ಪರಿಹಾರದ್ದು. ಅದರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಊರಿನವರಿಗೆ ಗೊತ್ತಿರುವುದೇ: ನಾಣ್ಯ ಹಾಕಿದರೆ ಬಿಂದಿಗೆ ತುಂಬುವ ಶುದ್ಧ ನೀರಿನ ಘಟಕ, ಜಗಳೂರಿನ 57 ಕೆರೆಗಳಿಗೆ ತುಂಗಭದ್ರಾ ನೀರು ತುಂಬಿಸುವ ಯೋಜನೆ, ಮನೆಯ ಮೇಲಿನ ಮಳೆ ನೀರು. ಆದರೆ ಒಂದು ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆಯಲೇಬೇಕು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ.

ಎಷ್ಟು ಬರೆಯಬೇಕು, ಹೇಗೆ ಬರೆಯಬೇಕು

ಪ್ರದರ್ಶನಕ್ಕೆ ಬಂದವರು ನಿಂತುಕೊಂಡೇ ಓದುತ್ತಾರೆ. ಕೈಯಲ್ಲಿ ಚೀಲ, ಪಕ್ಕದಲ್ಲಿ ಅಳುವ ಮಗು. ಒಂದು ಬೋರ್ಡಿನ ಮುಂದೆ ಅರ್ಧ ನಿಮಿಷ ನಿಂತರೆ ದೊಡ್ಡದು. ಇಂಗ್ಲಿಷಿನಲ್ಲಿ ಒಂದು ವಸ್ತುವಿನ ವಿವರಣೆಗೆ ಐವತ್ತರಿಂದ ಎಪ್ಪತ್ತು ಪದ ಸಾಕು ಅಂತ ಪಳಗಿದವರು ಹೇಳುತ್ತಾರೆ. ಕನ್ನಡದ ಪದಗಳು ಉದ್ದ, ನಲವತ್ತೇ ಸಾಕು.

ನಮ್ಮಲ್ಲಿ ಬರೆಯುವ ಮಾಮೂಲಿ ರೀತಿ ಹೀಗಿರುತ್ತದೆ: 'ಅಂತರ್ಜಲದಲ್ಲಿನ ಫ್ಲೋರೈಡ್‌ನ ಅಧಿಕ ಸಾಂದ್ರತೆಯ ದೀರ್ಘಕಾಲೀನ ಸೇವನೆಯು ದಂತ ಹಾಗೂ ಅಸ್ಥಿ ಫ್ಲೋರೋಸಿಸ್‌ಗೆ ಕಾರಣೀಭೂತವಾಗುತ್ತದೆ.' ತಪ್ಪೇನಿಲ್ಲ. ಆದರೆ ಇದನ್ನು ಓದಿ ಯಾರಿಗೆ ಏನು ತಿಳಿಯಬೇಕು? ಅದನ್ನೇ ಹೀಗೆ ಬರೆದು ನೋಡಿ: 'ಈ ನೀರು ನೋಡಲು ತಿಳಿಯಾಗಿದೆ, ರುಚಿಯೂ ಮಾಮೂಲು. ಇದರಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಎಂಟು ವರ್ಷದೊಳಗಿನ ಮಗು ದಿನಾ ಇಂಥ ನೀರು ಕುಡಿದರೆ ಒಸಡಿನೊಳಗೆ ತಯಾರಾಗುತ್ತಿರುವ ಹಲ್ಲಿನ ಮೇಲೆ ಕಲೆ ಬೀಳುತ್ತದೆ. ಆ ಕಲೆ ಜೀವನಪೂರ್ತಿ ಇರುತ್ತದೆ. ನಿಮ್ಮೂರಿನ ಬೋರಿನ ನೀರು ಪರೀಕ್ಷೆ ಆಗಿದೆಯಾ?'

ಇದರಲ್ಲಿ ಒಂದು ಒಳ್ಳೆಯ ವಿಷಯ ಅಡಗಿದೆ. ಹಲ್ಲಿನ ಹೊರ ಪದರ ತಯಾರಾಗುವುದು ಬಾಲ್ಯದಲ್ಲಿ ಮಾತ್ರ. ಬುದ್ಧಿ ಹಲ್ಲು ಬಿಟ್ಟರೆ ಉಳಿದದ್ದೆಲ್ಲ ಎಂಟು ವರ್ಷದ ಹೊತ್ತಿಗೆ ಮುಗಿದಿರುತ್ತದೆ. ದೊಡ್ಡವರಾದ ಮೇಲೆ ಎಷ್ಟು ಫ್ಲೋರೈಡ್ ನೀರು ಕುಡಿದರೂ ಹಲ್ಲಿಗೆ ಹೊಸ ಕಲೆ ಬರುವುದಿಲ್ಲ, ಮೂಳೆಗೆ ಬೇಕಾದರೆ ಬರಬಹುದು. ಹಾಗಾಗಿ ಐವತ್ತು ವರ್ಷದವರೊಬ್ಬರ ಹಲ್ಲು ನೋಡಿದರೆ ಅವರು ಚಿಕ್ಕವರಿದ್ದಾಗ ಕುಡಿದ ನೀರು ಎಂಥದ್ದಿತ್ತು ಅಂತ ಅಂದಾಜು ಮಾಡಬಹುದು. ಮದುವೆಯಾಗಿ ಜಗಳೂರಿಗೆ ಬಂದ ಸೊಸೆಯ ಹಲ್ಲು ಬೆಳ್ಳಗಿದ್ದು, ಅದೇ ಊರಲ್ಲಿ ಬೆಳೆದ ಗಂಡನ ಹಲ್ಲಿನಲ್ಲಿ ಕಲೆ ಇರುವುದು ಇದಕ್ಕೇ. ಇಂಥ ಒಂದು ವಾಕ್ಯ ಬೋರ್ಡಿನಲ್ಲಿದ್ದರೆ ಓದಿದವರು ಮನೆಗೆ ಹೋಗಿ ಎಲ್ಲರ ಹಲ್ಲು ನೋಡುತ್ತಾರೆ. ನಾನಾದರೂ ನೋಡುತ್ತೇನೆ.

ಬೋರ್ಡಿನ ಎತ್ತರವೂ ಮುಖ್ಯ. ಮಧ್ಯಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಮೇಲಿದ್ದರೆ ನಿಂತವರ ಕಣ್ಣಿಗೆ ಸರಿ ಹೋಗುತ್ತದೆ. ಗಾಲಿಕುರ್ಚಿಯಲ್ಲಿ ಬರುವವರು ಆಸ್ಪತ್ರೆ ಆವರಣದಲ್ಲಿ ಜಾಸ್ತಿ, ಅವರಿಗಾಗಿ ಇನ್ನೂ ಸ್ವಲ್ಪ ಕೆಳಗೆ ತಂದರೂ ನಷ್ಟವಿಲ್ಲ. ಓದು ಬಾರದವರಿಗೆ? ಅವರಿಗೆ ಒಬ್ಬ ಹುಡುಗನೋ ಹುಡುಗಿಯೋ ನಿಂತು ಹೇಳಬೇಕು. ಹೌಸ್ ಸರ್ಜನ್‌ಗಳಿಗೆ ಪುರುಸೊತ್ತಿಲ್ಲ ನಿಜ, ಮೊದಲ ವರ್ಷದವರಿಗೆ ಇದ್ದೀತು. ಕನ್ನಡದಲ್ಲಿ ರೋಗಿಗೆ ವಿವರಿಸುವುದನ್ನು ಅವರು ಹೇಗೂ ಕಲಿಯಬೇಕು.

ಬೆಳಕು ಎಂಬ ಶತ್ರು

ಹಳೆ ಕಾಗದವನ್ನು ಹೊರಗಿಟ್ಟರೆ ಮೊದಲು ಹಾಳು ಮಾಡುವುದು ಬೆಳಕು. ಗೆದ್ದಲು, ಬೆಳ್ಳಿಮೀನು ಹುಳ, ತೇವ ಎಲ್ಲ ನಮಗೆ ಗೊತ್ತಿರುವ ಶತ್ರುಗಳು. ಬೆಳಕು ಮಾತ್ರ ಸದ್ದಿಲ್ಲದೆ ಶಾಯಿಯ ಬಣ್ಣ ತೆಗೆಯುತ್ತದೆ, ಕಾಗದವನ್ನು ಹಳದಿ ಮಾಡಿ ಮುರುಕಲು ಮಾಡುತ್ತದೆ. ಈ ಹಾನಿ ಬಡ್ಡಿಯ ಹಾಗೆ ಸೇರುತ್ತಾ ಹೋಗುತ್ತದೆ. ರಾತ್ರಿ ಕತ್ತಲಲ್ಲಿಟ್ಟ ಮಾತ್ರಕ್ಕೆ ಹಗಲಿನದ್ದು ವಾಪಸ್ ಬರುವುದಿಲ್ಲ.

ಬೆಳಕನ್ನು ಲಕ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ. ಕಾಗದ, ಜಲವರ್ಣ ಚಿತ್ರ, ಹಳೆ ಫೋಟೋಗಳಿಗೆ ಮ್ಯೂಸಿಯಂಗಳು ಇಟ್ಟುಕೊಂಡಿರುವ ಮಿತಿ 50 ಲಕ್ಸ್. ಸಾಮಾನ್ಯ ಆಫೀಸಿನ ಟೇಬಲ್ ಮೇಲೆ 300ರಿಂದ 500 ಇರುತ್ತದೆ. ನಡು ಮಧ್ಯಾಹ್ನದ ನೇರ ಬಿಸಿಲು ಸುಮಾರು ಒಂದು ಲಕ್ಷ. ಈಗ ಲೆಕ್ಕ ಹಾಕಿ. ದಿನಕ್ಕೆ ಎಂಟು ಗಂಟೆ, 50 ಲಕ್ಸ್, ಮೂರು ತಿಂಗಳು ಅಂದರೆ ಒಟ್ಟು 36,000 ಲಕ್ಸ್ ಗಂಟೆ. ಪಶ್ಚಿಮದ ಕಿಟಕಿ ಪಕ್ಕ ಇಟ್ಟ ಪುಸ್ತಕದ ಮೇಲೆ ನೇರ ಬಿಸಿಲು ಬಿದ್ದರೆ ಅಷ್ಟೇ ಬೆಳಕು ಅರ್ಧ ಗಂಟೆಯೊಳಗೆ ಬಿದ್ದಿರುತ್ತದೆ. ಅದಕ್ಕೇ ಪ್ರದರ್ಶನವನ್ನು ಮೂರು ತಿಂಗಳಿಗೆ ಮುಗಿಸುವುದು, ನಡುವೆ ಪುಟ ಮಗುಚಿ ಬೇರೆ ಪುಟ ತೋರಿಸುವುದು, ಕಿಟಕಿಗೆ ಪರದೆ ಕಟ್ಟುವುದು.

ಗಾಜಿನ ಪೆಟ್ಟಿಗೆಯೊಳಗೆ ಬಲ್ಬ್ ಹಾಕಿದರೆ ಚೆಂದ ಕಾಣುತ್ತದೆ, ಆದರೆ ಒಳಗೆ ಕಾವು ಏರುತ್ತದೆ. ನಮ್ಮ ಬೇಸಿಗೆಯಲ್ಲಿ ಗಾಳಿ ಮೊದಲೇ ಒಣ, ಕಾಗದ ಇನ್ನಷ್ಟು ಒಣಗಿ ಸುರುಳಿ ಸುತ್ತುತ್ತದೆ. ಮಳೆಗಾಲ ಬಂದರೆ ಅದೇ ಕಾಗದ ತೇವ ಹೀರಿ ಉಬ್ಬುತ್ತದೆ. ಈ ಏರಿಳಿತ ಕಾಗದಕ್ಕೆ ಒಳ್ಳೆಯದಲ್ಲ. ನನ್ನ ಸಲಹೆ ಸರಳ. ಮೂಲ ಕಾಗದ ಬೀರುವಿನಲ್ಲೇ ಇರಲಿ, ಒಳ್ಳೆಯ ಸ್ಕ್ಯಾನ್ ತೆಗೆದು ಅದರ ಪ್ರತಿಯನ್ನು ತೂಗುಹಾಕಿ, ಕೆಳಗೆ 'ಪ್ರತಿ' ಅಂತ ಬರೆಯಿರಿ. ಮೂಲವನ್ನೇ ನೋಡಬೇಕು ಅನ್ನುವ ಆಸೆ ಇರುವವರಿಗೆ ಒಂದೋ ಎರಡೋ ವಸ್ತು ಮಾತ್ರ ನಿಜವಾದದ್ದು ಇಟ್ಟರಾಯಿತು.

ಬ್ಯಾನರ್ ಯಾವುದರಲ್ಲಿ ಮಾಡಿಸಬೇಕು ಅನ್ನುವುದಕ್ಕೆ ಒಂದು ಮಾತು. ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧ ಇದೆ. ಯಾವ ಸರ್ಕಲ್ಲಿನಲ್ಲಿ ನಿಂತು ನೋಡಿದರೂ ಹಾಗನ್ನಿಸುವುದಿಲ್ಲ, ಅದು ಬೇರೆ ಮಾತು. ಹತ್ತಿ ಮಿಲ್ಲುಗಳಿಂದಲೇ ಹೆಸರಾದ ದಾವಣಗೆರೆಯಲ್ಲಿ ಆರೋಗ್ಯದ ಬ್ಯಾನರನ್ನು ಬಟ್ಟೆ ಮೇಲೆ ಅಚ್ಚು ಹಾಕಿಸುವುದೇ ಚೆಂದ. ಸುತ್ತಿ ಒಯ್ಯಲೂ ಸುಲಭ.

ಫೋಟೋದಲ್ಲಿರುವವರು ಯಾರು?

ಸೊಂಟ ಬಗ್ಗಿದ ಒಬ್ಬ ಅಜ್ಜ, ಕಾಲು ಸೊಟ್ಟಗಾದ ಒಬ್ಬ ಹುಡುಗಿ. ಇಂಥ ಫೋಟೋ ಹಾಕಿದರೆ ಜನ ನಿಂತು ನೋಡುತ್ತಾರೆ, ಅದು ನಿಜ. ಆದರೆ ಅವರು ಯಾರದೋ ಮನೆಯವರು. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಗುರುತು ಸಿಗುವುದಿಲ್ಲ ಅಂತ ಹಿಂದೆ ನಂಬಿದ್ದರು. ಹಳ್ಳಿಯಲ್ಲಿ ಸೀರೆ, ಜಗುಲಿ, ಹಿಂದಿನ ಬೇವಿನ ಮರ ನೋಡಿಯೇ ಇದು ಇಂಥವರ ಮನೆ ಅಂತ ಹೇಳಿಬಿಡುತ್ತಾರೆ. ಜಗಳೂರಿನ ಹುಡುಗಿಯ ಫೋಟೋ ದಾವಣಗೆರೆಯಲ್ಲಿ ಹಾಕಿದರೆ ನೋಡುವವರಲ್ಲಿ ಜಗಳೂರಿನವರೂ ಇರುತ್ತಾರೆ. ನಾಳೆ ಆಕೆಗೆ ಗಂಡು ನೋಡಲು ಬಂದವರೂ ಇರಬಹುದು. ಚಿಕಿತ್ಸೆಗೆ ಒಪ್ಪಿ ಹಾಕಿದ ಸಹಿ ಪ್ರದರ್ಶನಕ್ಕೂ ಒಪ್ಪಿದ ಹಾಗೆ ಆಗುವುದಿಲ್ಲ. ಬೇರೆಯಾಗಿ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಕೇಳಬೇಕು. ಎಷ್ಟೋ ಸಲ ರೇಖಾಚಿತ್ರವೇ ಸಾಕಾಗುತ್ತದೆ. ಎಕ್ಸ್‌ರೇ ಹಾಕುವುದಾದರೆ ಮೂಲೆಯಲ್ಲಿರುವ ಹೆಸರು, ನಂಬರು ಅಳಿಸಬೇಕು.

ಹಕ್ಕುಸ್ವಾಮ್ಯದ ವಿಷಯವೂ ಇದೆ. ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಕ್ಕಿತು ಅಂದ ಮಾತ್ರಕ್ಕೆ ದೊಡ್ಡದಾಗಿ ಅಚ್ಚು ಹಾಕಿಸಬಹುದು ಅಂತಲ್ಲ. ನಮ್ಮ 1957ರ ಕಾಯ್ದೆ ಪ್ರಕಾರ ಬರಹಕ್ಕೆ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. 2012ರ ತಿದ್ದುಪಡಿಯ ನಂತರ ಫೋಟೋಕ್ಕೂ ಹಾಗೇ, ತೆಗೆದವರು ತೀರಿಕೊಂಡ ಮೇಲೂ 60 ವರ್ಷ.

ವೈದ್ಯಕೀಯ ಪ್ರದರ್ಶನಕ್ಕೆ ಮಾತ್ರ ಇರುವ ಇನ್ನೊಂದು ಅಪಾಯ ಹೇಳಬೇಕು. ಹಳೆ ಪುಸ್ತಕದಲ್ಲಿ ಪಾದರಸದ ಔಷಧ ಇರುತ್ತದೆ, ಪಾಷಾಣದ ಟಾನಿಕ್ ಇರುತ್ತದೆ. ಹಳೆ ಜಾಹೀರಾತಿನಲ್ಲಿ ಎಲ್ಲ ರೋಗಕ್ಕೂ ಒಂದೇ ಮಾತ್ರೆ ಇರುತ್ತದೆ. ಆಸ್ಪತ್ರೆ ಆವರಣದೊಳಗೆ, ಕಾಲೇಜಿನ ಹೆಸರಿನ ಕೆಳಗೆ ಅದನ್ನು ಇಟ್ಟರೆ ನೋಡಿದವರು ಮೊಬೈಲಿನಲ್ಲಿ ಫೋಟೋ ಹೊಡೆದು ಗ್ರೂಪಿಗೆ ಕಳಿಸುತ್ತಾರೆ, 'ಮೆಡಿಕಲ್ ಕಾಲೇಜಿನವರೇ ಹೇಳಿದ್ದು' ಅಂತ. ಹಾಗಾಗಿ ಇದು ಹಳೆ ನಂಬಿಕೆ, ಈಗ ಇದನ್ನು ಬಳಸಬಾರದು ಅನ್ನುವ ಮಾತು ಪಕ್ಕದ ಬೋರ್ಡಿನಲ್ಲಿ ಇದ್ದರೆ ಸಾಲದು. ಅದೇ ಚಿತ್ರದ ಮೇಲೆ, ಫೋಟೋ ಹೊಡೆದರೆ ಜೊತೆಗೇ ಬರುವ ಹಾಗೆ ಇರಬೇಕು.

ನಮ್ಮಲ್ಲಿ ಏನೇನಿದೆ

ಲೈಬ್ರರಿಯಲ್ಲಿ ಹಳೆಯದೇನೂ ಇಲ್ಲ, ಪ್ರದರ್ಶನ ಮಾಡುವುದು ಹೇಗೆ ಅಂತ ಕೇಳಬಹುದು. ವಸ್ತು ಮನೆಗಳಲ್ಲಿದೆ. 1970ರ ದಶಕಕ್ಕೆ ಮುಂಚೆ ಹುಟ್ಟಿದವರ ತೋಳಿನ ಮೇಲೆ ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕಿದ ಗುರುತಿದೆ. ಸಿಡುಬು ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 1980ರಲ್ಲಿ. ಆ ಗುರುತಿನ ಕಥೆ ಮೈಸೂರು ಅರಮನೆಯ ತನಕ ಹೋಗುತ್ತದೆ. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಮೈಸೂರು ರಾಣಿಯರ ವರ್ಣಚಿತ್ರವೊಂದಿದೆ. ಬಹಳ ಕಾಲ ಅದನ್ನು ನರ್ತಕಿಯರ ಚಿತ್ರ ಅಂದುಕೊಂಡಿದ್ದರು. ಆಗಷ್ಟೇ ಬಂದಿದ್ದ ಸಿಡುಬಿನ ಲಸಿಕೆಗೆ ಜನರನ್ನು ಒಪ್ಪಿಸಲು ಬರೆಸಿದ ಚಿತ್ರ ಅದು, ಒಬ್ಬ ರಾಣಿ ಸೀರೆ ಸರಿಸಿ ತೋಳಿನಲ್ಲಿ ಲಸಿಕೆ ಹಾಕಿದ ಜಾಗ ತೋರಿಸುತ್ತಿದ್ದಾಳೆ ಅಂತ ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಚಿತ್ರ ಅದೇ, ಕೇಳಿದ ಪ್ರಶ್ನೆ ಬೇರೆ.

ನಗರದೇವತೆ ದುರ್ಗಾಂಬಿಕೆಯ ಜಾತ್ರೆ ನಡೆಯುವ ಊರಿನಲ್ಲಿ ಸಾಂಕ್ರಾಮಿಕ ರೋಗಕ್ಕೂ ಅಮ್ಮನಿಗೂ ಇರುವ ನಂಟನ್ನು ವಿವರಿಸಬೇಕಾಗಿಲ್ಲ. ಪ್ಲೇಗ್ ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ಕಥೆ ಎಷ್ಟೋ ಮನೆಗಳಲ್ಲಿದೆ. ಕೆಂಪು ತ್ರಿಕೋನದ ಕುಟುಂಬ ಯೋಜನೆ ತಗಡು, 1995ರಲ್ಲಿ ಶುರುವಾದ ಪಲ್ಸ್ ಪೋಲಿಯೊದ ಪೋಸ್ಟರ್, ಸೂಲಗಿತ್ತಿ ಅಜ್ಜಿಯ ಚೀಲ, ಹಳೆ ಔಷಧದ ಬಾಟಲಿ. ಎಲ್ಲ ಗುಜರಿ ಸೇರುವ ಮುಂಚೆ ಯಾರಾದರೂ ಕೇಳಬೇಕು. ತೆಗೆದುಕೊಂಡಾಗ ರಸೀದಿ ಕೊಡಬೇಕು, ವಾಪಸ್ ಕೊಡುವ ತಾರೀಖು ಬರೆದು ಕೊಡಬೇಕು.

ನನ್ನನ್ನು ಕೇಳಿದರೆ ಫ್ಲೋರೈಡಿನ ನಂತರದ ಪ್ರದರ್ಶನ ಹೊಗೆ ಮತ್ತು ಧೂಳಿನ ಮೇಲೆ ಆಗಬೇಕು. ಮಿಲ್ಲುಗಳ ಕಾಲದಲ್ಲಿ ಹತ್ತಿ ಧೂಳು ಕುಡಿದವರು ಇನ್ನೂ ಈ ಊರಿನಲ್ಲಿದ್ದಾರೆ. ಹತ್ತಿ ಧೂಳಿನ ಕಾಯಿಲೆಗೆ ಬಿಸಿನೋಸಿಸ್ ಅಂತ ಹೆಸರು. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುವುದು ಅದರ ಗುರುತು. ಮಂಡಕ್ಕಿ ಭಟ್ಟಿಗಳಲ್ಲಿ ಬೆಂಕಿ ಮುಂದೆ ದುಡಿಯುವವರು ಇವತ್ತೂ ಇದ್ದಾರೆ. ಬೆಣ್ಣೆ ದೋಸೆ, ಮಿರ್ಚಿ ಮಂಡಕ್ಕಿ ಅಂತ ಊರನ್ನು ಹೊಗಳುವ ನಾವು ಆ ಮಂಡಕ್ಕಿ ಹುರಿಯುವವರ ಶ್ವಾಸಕೋಶದ ಬಗ್ಗೆಯೂ ಒಂದು ಬೋರ್ಡು ಬರೆದರೆ ಏನು ತಪ್ಪು?

ಜಾಗದ ವಿಷಯಕ್ಕೆ ಬಂದರೆ, ಎರಡನೇ ಮಹಡಿಯ ರೀಡಿಂಗ್ ರೂಮಿನಲ್ಲಿ ಪ್ರದರ್ಶನ ಇಟ್ಟು ಸಾರ್ವಜನಿಕರಿಗೆ ಸ್ವಾಗತ ಅಂತ ಬರೆದರೆ ಯಾರೂ ಬರುವುದಿಲ್ಲ. ಬಾಗಿಲ ಹತ್ತಿರ ಸೆಕ್ಯುರಿಟಿಯವರು ಎಲ್ಲಿಗೆ ಅಂತ ಕೇಳಿದರೇ ಹಳ್ಳಿಯವರು ಹಿಂದೆ ತಿರುಗುತ್ತಾರೆ. ನೆಲಮಹಡಿಯಲ್ಲಿ, ಓಪಿಡಿಗೆ ಹೋಗುವ ದಾರಿಯಲ್ಲಿ, ಚಪ್ಪಲಿ ಬಿಡಿ ಅನ್ನುವ ಬೋರ್ಡ್ ಇಲ್ಲದ ಕಡೆ ಇರಬೇಕು. ಕೂರಲು ಬೆಂಚು ಇರಬೇಕು. ಉದ್ಘಾಟನೆಗೆ ಬರುವ ಗಣ್ಯರ ಫೋಟೋ ಎಷ್ಟು ದೊಡ್ಡದಿರಬೇಕು ಅನ್ನುವ ಚರ್ಚೆಯಲ್ಲಿ ಅರ್ಧ ಶಕ್ತಿ ಖರ್ಚಾಗದಿದ್ದರೆ ಇನ್ನೂ ಒಳ್ಳೆಯದು.

ಪ್ರದರ್ಶನ ಕೆಲಸ ಮಾಡಿತೋ ಇಲ್ಲವೋ ಅಂತ ತಿಳಿಯಲು ಬಂದವರ ತಲೆ ಎಣಿಸುವುದು ವಾಡಿಕೆ. ಅದಕ್ಕಿಂತ ಒಂದು ಡಬ್ಬ ಇಡುವುದು ಮೇಲು. ಅಲ್ಲಿ ಒಂದು ಚೀಟಿ: ನಿಮ್ಮೂರು ಯಾವುದು, ಕುಡಿಯುವ ನೀರು ಎಲ್ಲಿಯದು, ಅದನ್ನು ಯಾರಾದರೂ ಪರೀಕ್ಷೆ ಮಾಡಿದ್ದಾರಾ? ಜಲ ಜೀವನ್ ಮಿಷನ್ ಅಡಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಡುವ ವ್ಯವಸ್ಥೆ ಇದೆ. ಅದನ್ನು ಕೇಳಿ ಪಡೆಯಬಹುದು ಅನ್ನುವುದನ್ನು ಚೀಟಿಯ ಹಿಂದೆ ಅಚ್ಚು ಹಾಕಬಹುದು. ಮೂರು ತಿಂಗಳಾದ ಮೇಲೆ ಬಟ್ಟೆ ಬ್ಯಾನರ್‌ಗಳನ್ನು ಸುತ್ತಿ ಜಗಳೂರಿನ ಹೈಸ್ಕೂಲುಗಳಿಗೆ, ಅಲ್ಲಿಂದ ಚಳ್ಳಕೆರೆ, ಮೊಳಕಾಲ್ಮೂರು ಕಡೆಗೆ ಕಳಿಸಬಹುದು, ಫ್ಲೋರೈಡ್ ಅಲ್ಲೂ ಇದೆ. ಡಬ್ಬದ ಚೀಟಿಗಳ ಪ್ರತಿಯನ್ನು ಕಾಲೇಜಿನ ಕಮ್ಯುನಿಟಿ ಮೆಡಿಸಿನ್ ವಿಭಾಗಕ್ಕೆ ಕೊಟ್ಟರೆ, ಮುಂದಿನ ವರ್ಷದ ಹಳ್ಳಿ ಭೇಟಿಗೆ ಯಾವ ಊರು ಅಂತ ಅವರು ಹುಡುಕಬೇಕಾಗಿ ಬರುವುದಿಲ್ಲ.